ಲ್ಯಾಬಿನ ಒಂದೇ ಒಂದು ಯಂತ್ರ ಸುಟ್ಟೆ

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ಸರಕಾರಿ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ, ವಿದ್ಯುತ್ತಿನ ಅಲೆ ತೋರಿಸುವ ಆಸಿಲೋಸ್ಕೋಪಿಗೆ ತಪ್ಪು ವೈರು ಕೊಟ್ಟೆ. ಟಪ್ ಎಂದಿತು. ಪರದೆ ಕಪ್ಪಾಯಿತು, ಸುಟ್ಟ ವಾಸನೆ ಬಂತು. ಇಡೀ ಕಾಲೇಜಿಗೆ ಇರುವುದು ಅದೊಂದೇ. ತರಗತಿಯಲ್ಲಿ ನಾವು ಹನ್ನೊಂದೇ ಜನ. ಯಾರ ಹಿಂದೆ ಅಡಗಲಿ?

"ಯಾರ್ ಮಾಡಿದ್ರಲೇ?" ಎಂದರು ಸರ್.

"ನಾನ್ರಿ ಸರ್... ಅಪ್ಪಗ ಹೇಳಬ್ಯಾಡ್ರಿ." ಬಬಲೇಶ್ವರದ ಬಸ್ಸು ಹತ್ತಿ ಮನೆಗೆ ಓಡಿಬಿಡೋಣ ಎನಿಸಿತು.

ಅವರು ಪ್ಲಗ್ ಕಿತ್ತು ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. "ಯಾರು ಸುಟ್ಟಾರೋ ಅವರೇ ಬಿಚ್ಚಿ ರಿಪೇರಿ ಮಾಡಬೇಕು. ಇಲ್ಲಿ ಪದ್ಧತಿನ ಹಂಗ ಐತಿ."

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಅದರ ಒಳಬದಿಯಲ್ಲಿ, ಹಿಂದೆ ಸುಟ್ಟು ಸರಿಮಾಡಿದವರ ಹೆಸರುಗಳು ಸಾಲಾಗಿದ್ದವು. ಮೊದಲನೆಯದು ಇದೇ ಕಾಲೇಜಿನಲ್ಲಿ ಓದಿದ ನಮ್ಮ ಸರ್ ಅವರದೇ!

ಫ್ಯೂಸು ಬದಲಿಸಿ, ಕಣ್ಣು ಮುಚ್ಚಿ ಸ್ವಿಚ್ ಒತ್ತಿದೆ. ಹಸಿರು ಗೆರೆ ಮೂಡಿತು. ಮುಚ್ಚಳದ ಆ ಸಾಲಿನ ಕೊನೆಗೆ ನನ್ನ ಹೆಸರು ಬರೆಯುವಾಗಲೂ ಹೆದರಿಕೆಗೆ ಅಕ್ಷರ ಸೊಟ್ಟಾದವು.

ಸಂಜೆ ಸ್ಟೇಷನ್ ರಸ್ತೆಯಲ್ಲಿ ಸಿಕ್ಕ, ಬೇರೆ ಕಾಲೇಜಿನಲ್ಲಿ ಓದುವ ಗೆಳತಿಗೆ ಇದೆಲ್ಲ ಹೇಳಿದೆ. "ನಮ್ಮ ದೊಡ್ಡ ಕಾಲೇಜಿನ್ಯಾಗ ಅಂಥವು ಇಪ್ಪತ್ತದಾವ ಬೇ, ಗಾಜಿನ ಕಪಾಟಿನ್ಯಾಗ. ಮುಟ್ಟಾಕ ಬಿಡಂಗಿಲ್ಲ" ಎಂದಳು.

ಅಲ್ಲಿಯವರು ಪುಣ್ಯವಂತರು, ಹೆದರುವ ಪ್ರಸಂಗವೇ ಇಲ್ಲ.