ಸದ್ದಿಲ್ಲದ ಪರದೆ

ಆಫೀಸಿನಲ್ಲಿ ಅವಳಿಗೆ ‘ಚಡಪಡಿಕೆ ಅಕ್ಕ’ ಎಂದೇ ಹೆಸರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಕ್ಲೌಡಿನಲ್ಲಿದ್ದ ಸರ್ವರ್‌ಗಳಿಗೆ ಯಾರು ಬಂದರು, ಯಾರು ಹೋದರು ಎಂಬ ಲಾಗ್‌ಗಳೆಲ್ಲ ಹೊಳೆಯಂತೆ ಹರಿದು ಅವಳ ಪರದೆಗೆ ಬರುತ್ತಿದ್ದವು. ಅದರಲ್ಲಿ ಕಳ್ಳರ ಸುಳಿವು ಹಿಡಿಯುವುದು ಅವಳ ಕೆಲಸ.

ಅಂದು ಬೆಳಗಿನಿಂದ ಒಂದೇ ಒಂದು ಎಚ್ಚರಿಕೆಯೂ ಬಂದಿರಲಿಲ್ಲ. ಪಕ್ಕದ ಸಹೋದ್ಯೋಗಿ ಕಾಲು ಚಾಚಿ, “ಎಲ್ಲಾ ತಣ್ಣಗಿದೆ ಅಕ್ಕಾ, ನೀವೂ ಸ್ವಲ್ಪ ತಣ್ಣಗಿರಿ” ಎಂದ.

“ಇಷ್ಟು ತಣ್ಣಗಿದ್ರೆ ಜೀವ ಇದೆಯಾ ಅಂತ ಮುಟ್ಟಿ ನೋಡ್ಬೇಕಪ್ಪ,” ಎಂದು ಅವಳು ಕೆದಕತೊಡಗಿದಳು.

ಲಾಗ್ ಹರಿಯುವ ದಾರಿಯೇ ಹಿಂದಿನ ದಿನದಿಂದ ಕಡಿದುಹೋಗಿತ್ತು. ಕಡಿದರೆ ತಿಳಿಸಲೆಂದು ಅವಳೇ ಒಂದು ಎಚ್ಚರಿಕೆ ಇಟ್ಟಿದ್ದಳು. ಆದರೆ ಅದೂ ಅದೇ ದಾರಿಯಲ್ಲಿ ಬರಬೇಕಿತ್ತು. ಬಾವಿಗೆ ಬಿದ್ದವನೇ ಮನೆಗೆ ಬಂದು ಸುದ್ದಿ ಹೇಳಲಿ ಎಂದಂತಾಗಿತ್ತು. ತನ್ನ ಬುದ್ಧಿಗೆ ತಾನೇ ಶಾಪ ಹಾಕುತ್ತ ದಾರಿ ಸರಿಪಡಿಸಿದಳು. ಆಗಾಗ ಹೊರಗಿನಿಂದ ‘ಇದ್ದೀಯಾ?’ ಎಂದು ಕೇಳಲು ಇನ್ನೊಂದು ಯಂತ್ರವನ್ನು ಕಾವಲಿಟ್ಟಳು.

ಆದರೂ ಕೂರಲಾಗಲಿಲ್ಲ. ಹಾಸ್ಟೆಲಿನಲ್ಲಿದ್ದ ಮಗಳು ಹೋಗುವಾಗ ಹೇಳಿದ್ದು ನೆನಪಾಯಿತು: “ಸುಮ್ಸುಮ್ನೆ ಫೋನ್ ಮಾಡ್ಬೇಡಮ್ಮ. ಏನಾದ್ರೂ ಆದ್ರೆ ನಾನೇ ಮಾಡ್ತೀನಿ.” ಆಮೇಲೆ ಫೋನೇ ಬಂದಿರಲಿಲ್ಲ. ಆರಾಮಾಗಿದ್ದಾಳೆಂದು ಇವಳೂ ಸುಮ್ಮನಿದ್ದಳು.

ವರಾಂಡಕ್ಕೆ ಹೋಗಿ ಫೋನ್ ಮಾಡಿದಳು.

“ಏನಮ್ಮಾ, ಏನಾಯ್ತು?”

“ಏನಿಲ್ಲ. ಇದ್ದೀಯಾ ಅಂತ ಕೇಳ್ದೆ.”

ಆ ಕಡೆಯಿಂದ ಮಗಳು ಬಿಕ್ಕುವ ಸದ್ದು ಕೇಳಿಸಿತು.