ಉಡಿಯಲ್ಲಿ ಉಳಿದ ಜೋಳ

ಬಿತ್ತನೆಯ ದಿನ ಹೆಂಗಸರ ಉಡಿಯಲ್ಲಿ ಉಳಿದ ಜೋಳ ಎಲ್ಲಿಗೆ ಹೋಗುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಧಾರವಾಡದಲ್ಲಿ ಕೃಷಿ ಓದಿ ಪಾಸಾಗಿ ಬಂದವನು ನಾನು. ಮಣ್ಣಿನ ಗುಣ, ಮೊಳಕೆಯ ಲೆಕ್ಕ, ಕಾಡಿಗೆ ರೋಗದ ಲಕ್ಷಣ ಎಲ್ಲ ಬರೆದು ಅಂಕ ಪಡೆದಿದ್ದೆ. ಉಡಿಯ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದಿರಲಿಲ್ಲ. ಹುಟ್ಟಿದ್ದು ಬಾದಾಮಿಯಲ್ಲೇ, ಆದರೆ ತಂದೆ ಸಾಲಿ ಮಾಸ್ತರರು. ನಮ್ಮ ಮನೆಗೆ ಜೋಳ ಕೆರೂರ ಸಂತೆಯಿಂದ ಚೀಲದಲ್ಲಿ ಬರುತ್ತಿತ್ತು. ಅದಕ್ಕೆ ಮುಂಚೆ ಅದು ಏನಾಗಿತ್ತು ಎಂದು ನಾವು ಯೋಚಿಸಿದವರಲ್ಲ.

ನಮ್ಮ ಸೀಮೆ ಮುಂಬಯಿ ಪ್ರಾಂತ್ಯವನ್ನು ಬಿಟ್ಟು ಮೈಸೂರಿಗೆ ಸೇರುವುದಕ್ಕೆ ಒಂದು ವರ್ಷ ಮೊದಲಿನ ಮಾತು ಇದು. ಹುನಗುಂದ ತಾಲೂಕಿನ ಹಳ್ಳಿಗಳನ್ನು ಸೈಕಲ್ಲಿನಲ್ಲಿ ತಿರುಗಿ ಹೊಸ ಬೇಸಾಯ ತೋರಿಸಿಕೊಡುವುದು ನನ್ನ ನೌಕರಿ. ಇಳಕಲ್ಲಿನಲ್ಲಿ ನೇಕಾರರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಲ್ಲಿಂದ ಐದು ಮೈಲಿ ದೂರದ ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರು ನನ್ನ ಮಾತಿಗೆ ಕಿವಿಗೊಡುತ್ತಿದ್ದರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕಿ.

ಆ ಮನೆಯಲ್ಲಿ ಬೀಜದ ಕಾರಭಾರ ಕಾಕಿಯದು. ಸುಗ್ಗಿಯಲ್ಲಿ ತಾವೇ ಹೊಲಕ್ಕೆ ಹೋಗಿ ದಪ್ಪ ತೆನೆ ಆರಿಸಿ, ಕಾಳು ಬಿಡಿಸಿ, ಬೂದಿ ಮತ್ತು ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ತುಂಬಿಡುತ್ತಿದ್ದರು. ಬಿತ್ತುವ ಮುಂಚೆ ಗೋಮೂತ್ರದಲ್ಲಿ ನೆನೆಸಿ ಒಣಗಿಸುತ್ತಿದ್ದರು. ಆದರೂ ಪ್ರತಿ ವರ್ಷ ಕೆಲವು ತೆನೆಗಳು ಕಾಡಿಗೆ ಹಿಡಿದು, ಕಾಳಿನ ಬದಲು ಕಪ್ಪು ಪುಡಿ ಉದುರಿಸುತ್ತಿದ್ದವು. ನಾನು ಮೊದಲ ವರ್ಷ ಹೋದಾಗ ಗಂಧಕದ ಪುಡಿ ಒಯ್ದಿದ್ದೆ. ಬೀಜಕ್ಕೆ ಹಳದಿ ಪುಡಿ ಹಚ್ಚುವುದನ್ನು ನೋಡಿ ಹೆಂಗಸರು ಮೂಗು ಮುಚ್ಚಿಕೊಂಡರು. ವಿಷವೇನೋ ಎಂದು ಒಬ್ಬರು ಕೇಳಿದರು. ನಾನು ಹುಮ್ಮಸ್ಸಿನಲ್ಲಿ ಪುಡಿ ಹಚ್ಚಿದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಟುಮ್ ಎಂದು ಕಡಿದು ನುಂಗಿದೆ.

"ನೋಡ್ರಿ, ಏನರ ಆತೇನು?" ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಈಗ ನೆನಪಾದರೆ ನಾಲಿಗೆ ಒಣಗುತ್ತದೆ.

ಮರುವರ್ಷ ಪುಡಿ ಬದಲಾಯಿತು. ರೈಲಿನಲ್ಲಿ ಬಾಗಲಕೋಟೆಗೆ, ಅಲ್ಲಿಂದ ಬಸ್ಸಿನ ಮೇಲೆ ಹುನಗುಂದಕ್ಕೆ ಬಂದ ತಗಡಿನ ಡಬ್ಬಿಗಳು. ಒಳಗೆ ಪಾದರಸ ಬೆರೆತ ಬೂದು ಬಣ್ಣದ ಪುಡಿ, ಹೊರಗೆ ತಲೆಬುರುಡೆಯ ಚಿತ್ರ. ಗಂಧಕಕ್ಕಿಂತ ಎಷ್ಟೋ ಪಾಲು ಮೇಲು ಎಂದು ನಮಗೆ ಹೇಳಿದ್ದರು. ತಿಂದರೆ ಅಪಾಯ ಎಂದೂ ಹೇಳಿದ್ದರು. ಬೀಜಕ್ಕೆ ಪುಡಿ ಹಚ್ಚುವಾಗ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಕಾಕಾ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

"ಕಾಕಾ, ಈ ಬೀಜ ಯಾರೂ ತಿನ್ನಬಾರದು. ಮುಟ್ಟಿದ ಮ್ಯಾಲೆ ಕೈ ತೊಳಕೋಬೇಕು."

"ಬೀಜ ಯಾರ ತಿಂತಾರೋ ತಮ್ಮಾ?" ಕಾಕಾ ಅಡಿಕೆ ಕತ್ತರಿಸುತ್ತ ಅಂದರು. "ಬೀಜ ಬಿತ್ತೂದಕ್ಕ ಇರತಾವ."

ಆ ಉತ್ತರ ನನಗೆ ಸಾಕಾಯಿತು. ಕಾಕಿ ಒಳಗಿನಿಂದ, ಡಬ್ಬಿ ಖಾಲಿಯಾದರೆ ತಮಗೆ ಬೇಕು, ಉಪ್ಪು ಹಾಕಿಡಲು ಚಲೋ ಆಗುತ್ತದೆ ಎಂದು ಕೂಗಿದರು. ಕೊಡುವುದಿಲ್ಲ ಎಂದೆ. ಯಾಕೆ ಎಂದು ಅವರಿಗೆ ಹೇಳಲಿಲ್ಲ. ಹೇಳಿದ್ದೆಲ್ಲ ಕಟ್ಟೆಯ ಮೇಲಿನ ಗಂಡಸರಿಗೆ.

ಉತ್ತರಿ ಮಳೆ ಹದವಾಗಿ ಬಿದ್ದು ಎರೆ ಹೊಲ ಬಿತ್ತಿಗೆಗೆ ಬಂದಿತ್ತು. ಎರಡು ಕೂರಿಗೆ ಹೂಡಿದರು. ಒಂದರ ಹಿಂದೆ ಕಾಕಾನ ಸೊಸೆ, ಇನ್ನೊಂದರ ಹಿಂದೆ ಅದೇ ಓಣಿಯ ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಒಂಟಿ ಜೀವ, ಬಾಯಿ ಜೋರು. ಆಕೆಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ಇಬ್ಬರೂ ಸೀರೆಯ ಸೆರಗನ್ನು ಚೀಲದಂತೆ ಕಟ್ಟಿ ಉಡಿ ಮಾಡಿಕೊಂಡು, ಅದರಿಂದ ಹಿಡಿ ಹಿಡಿಯಾಗಿ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ಎತ್ತುಗಳ ಹೆಜ್ಜೆಗೆ ಹೆಜ್ಜೆ ಹಾಕಿದರು. ಆ ಕೈಗಳ ಲಯ ನೋಡುತ್ತ ಬದುವಿನ ಮೇಲೆ ನಿಂತಿದ್ದೆ. ಮಧ್ಯಾಹ್ನ ದಾಟಿದ ಮೇಲೆ ಬಿತ್ತಿಗೆ ಮುಗಿಯಿತು. ಚೀಲದಲ್ಲಿ ಉಳಿದ ಬೀಜವನ್ನು ಕಟ್ಟಿ, ಡಬ್ಬಿಯನ್ನೂ ಸೇರಿಸಿ ಸೈಕಲ್ಲಿನ ಹಿಂದೆ ಬಿಗಿದುಕೊಂಡೆ. ಒಂದು ಕಾಳನ್ನೂ ಬಿಟ್ಟು ಬಂದಿಲ್ಲ ಎಂಬ ಜಂಬದಲ್ಲಿ ಇಳಕಲ್ಲಿಗೆ ಬಂದೆ.

ಮನೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. ಮನೆಯೊಡತಿ ಬಾಗಿಲಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅವರ ತವರು ಒಕ್ಕಲುತನದ ಮನೆ.

"ಬಿತ್ತಿಗಿ ಆತೇನ್ರಿ ಸಾಹೇಬ್ರ?"

"ಆತ್ರಿ ಅಕ್ಕಾರ."

"ಮತ್ತ ಇಷ್ಟ ಲಗೂ ಬಂದ್ರಿ? ಉಡಿ ಜ್ವಾಳದ ರೊಟ್ಟಿ ತಿನ್ನಿಸಲಾರದ ಕಳಿಸಿದ್ರೇನು ನಿಮ್ಮನ್ನ? ಎಂಥಾ ಮಂದಿರಿ ಅವರು!"

ಹಾಗಂದರೆ ಏನು ಎಂದು ಕೇಳಿದೆ. ಅವರು ನಕ್ಕರು. "ಕಾಲೇಜ ಕಲಿತೀರಿ, ಇಷ್ಟ ಗೊತ್ತಿಲ್ಲೇನ್ರಿ? ಕೂರಗಿ ಬಿಟ್ಟ ಮ್ಯಾಲೆ ಉಡಿಯಾಗ ಉಳದ ಕಾಳ ಹೊಳ್ಳಿ ಚೀಲಕ್ಕ ಹಾಕೂದಿಲ್ಲ. ಅದನ್ನ ಅವತ್ತ ಬೀಸಿ, ಅವತ್ತ ರೊಟ್ಟಿ ಬಡದು ತಿಂತಾರ. ಮೊದಲನೇ ರೊಟ್ಟಿ ಎತ್ತಿಗೆ, ಆಮ್ಯಾಲೆ ಬಿತ್ತಿದಾಕಿಗೆ, ಆಮ್ಯಾಲೆ ಮನಿಯವರಿಗೆ."

ಬೀಜ ಯಾರು ತಿಂತಾರೆ ಎಂದು ಕಾಕಾ ಹೇಳಿದ್ದು ಸುಳ್ಳಲ್ಲ. ಕೂರಿಗೆ ಬಿಚ್ಚಿದ ಮೇಲೆ ಉಡಿಯಲ್ಲಿ ಇದ್ದದ್ದು ಅವರಿಗೆ ಬೀಜವೇ ಅಲ್ಲ. ಅದು ಅನ್ನ.

ಚೀಲ, ಡಬ್ಬಿ ಅಲ್ಲೇ ಕೋಣೆಯೊಳಗೆ ಎಸೆದು ಬೀಗ ಹಾಕಿ ಸೈಕಲ್ ಹತ್ತಿದೆ. ಮನೆಯೊಡತಿ ಏನೋ ಕೂಗಿದರು, ಕೇಳಿಸಲಿಲ್ಲ. ದೊಡ್ಡ ರಸ್ತೆಯ ಮೂರು ಮೈಲಿ ಹೇಗೋ ಸಾಗಿತು. ಅಲ್ಲಿಂದ ಎರೆಮಣ್ಣಿನ ಬಂಡಿದಾರಿ, ಬರುವಾಗ ಸೈಕಲ್ಲನ್ನು ನಿಧಾನವಾಗಿ ತಳ್ಳಿಕೊಂಡೇ ದಾಟಿದ್ದೆ. ಮಣ್ಣು ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುರುಕಿಕೊಂಡು, ಸೈಕಲ್ ನಿಂತೇಬಿಟ್ಟಿತು. ಕಡ್ಡಿಯಿಂದ ಮಣ್ಣು ಕೆದರಿದೆ. ಹತ್ತು ಮಾರು ಹೋಗುವುದರೊಳಗೆ ಮತ್ತೆ ಅಷ್ಟೇ. ಜಾಲಿಯ ಪಕ್ಕ ಅದನ್ನು ಕೆಡವಿ ಓಡಿದೆ. ಚಪ್ಪಲಿಗಳನ್ನು ಮಣ್ಣು ಎಳೆದುಕೊಂಡಿತು. ಬರಿಗಾಲಿಗೂ ಮಣ್ಣು ಅಂಟಿ ಒಂದೊಂದು ಪಾದ ಒಂದೊಂದು ಕಲ್ಲಿನಂತಾಯಿತು. ಓಡುತ್ತಲೇ ಮನಸ್ಸಿನಲ್ಲಿ ಲೆಕ್ಕ: ಮನೆಗೆ ಹೋಗಲು ಇಷ್ಟು ಹೊತ್ತು, ಕೈಕಾಲು ತೊಳೆಯಲು ಇಷ್ಟು, ಬೀಸಲು ಇಷ್ಟು, ಒಲೆ ಹೊತ್ತಿಸಲು ಇಷ್ಟು. ಪ್ರತಿ ಸಲವೂ ಲೆಕ್ಕದಲ್ಲಿ ನಾನು ತಡವಾಗಿಯೇ ತಲುಪುತ್ತಿದ್ದೆ. ಇಂದಿಗೂ ಕೆಲವು ದಿನ ಆ ಲೆಕ್ಕ ತಾನಾಗಿ ಶುರುವಾಗುತ್ತದೆ.

ಹೊತ್ತು ಮುಳುಗುವ ಮೊದಲು ಊರು ಸೇರಿದೆ. ಕಾಕಾನ ಮನೆಯ ಹೊರಗೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಕಾಕಾ ರೊಟ್ಟಿಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಎತ್ತಿನ ಕೊಟ್ಟಿಗೆಯ ಕಡೆ ನಡೆದಿದ್ದರು. ಅದನ್ನು ಕಿತ್ತುಕೊಂಡೆ. ಬಿಸಿಗೆ ಕೈ ಸುಟ್ಟಿತು. ಮಣ್ಣುಗಾಲಿನಲ್ಲೇ ಅಡುಗೆಮನೆಗೆ ನುಗ್ಗಿ ಹಂಚಿನ ಮೇಲಿದ್ದುದನ್ನೂ ಎಳೆದು ಹಾಕಿದೆ. ಸೊಸೆ ಹಿಟ್ಟಿನ ಕೈಯಲ್ಲೇ ಗೋಡೆಗೆ ಆತು ನಿಂತಳು.

"ಹುಚ್ಚ ಹಿಡದೈತೇನೋ ತಮ್ಮಾ?" ಕಾಕಿ ಎದ್ದು ನಿಂತರು. "ಒಲಿ ಮುಂದ ಹಿಂಗ ಬರತಾರೇನು?"

"ಕಾಕಿ, ಇದು ವಿಷ. ಯಾರರ ತಿಂದೀರೇನು? ಖರೇ ಹೇಳ್ರಿ."

"ತೊಳದೇವಿ. ಎರಡ ನೀರಾಗ ತೊಳದು ಒಣಗಿಸಿ ಬೀಸೇವಿ."

"ತೊಳದ್ರ ಹೋಗೂದಿಲ್ಲರಿ ಅದು."

"ಹ್ವಾದ ವರ್ಷ ನೀನ ಬಾಯಾಗ ಹಾಕ್ಕೊಂಡ ತೋರಿಸಿದ್ದೆಲ್ಲ! ನಾಕ ಮಂದಿ ಮುಂದ ಕಡದು ನುಂಗಿದಿ. ಇವತ್ತ ವಿಷ ಆತೇನು?"

ಅದು ಹಳದಿ, ಇದು ಬೂದು ಎಂದೇನೋ ತೊದಲಿದೆ. ಕಾಕಾ ಹಿಟ್ಟಿನ ಪರಾತವನ್ನು ಎತ್ತಿ ಹೊರಗೆ ಒಯ್ದರು. ಆ ಮನೆಯಲ್ಲಿ ಇನ್ನೂ ಯಾರ ಬಾಯಿಗೂ ತುತ್ತು ಹೋಗಿರಲಿಲ್ಲ. ನಾನು ಹೊಸ್ತಿಲಲ್ಲಿ ಕುಳಿತೆ. ಆಗ ಸೊಸೆ ಮೆಲ್ಲಗೆ ಅಂದಳು: "ಅಕ್ಕನ ಉಡಿಯಾಗೂ ಉಳದಿತ್ತರಿ. ಆಕಿ ತನ್ನ ಮನಿಗೆ ಒಯ್ದಾಳ."

ಓಣಿಯ ತುದಿಯ ಮನೆ. ಅಕ್ಕ ಬಾಗಿಲಲ್ಲಿ ಕುಳಿತು ಊಟ ಮುಗಿಸಿ ತಟ್ಟೆಯಲ್ಲೇ ಕೈ ತೊಳೆಯುತ್ತಿದ್ದಳು. ತಟ್ಟೆಯ ಅಂಚಿಗೆ ಶೇಂಗಾ ಚಟ್ನಿ ಹತ್ತಿತ್ತು.

"ಬರ್ರಿ ಸಾಹೇಬ್ರ. ರೊಟ್ಟಿ ಮುಗದ್ವು, ಈಗ ಬಂದೀರಿ."

"ಎಷ್ಟ ತಿಂದಿ ಅಕ್ಕಾ?"

"ಎರಡ. ಯಾಕ, ಲೆಕ್ಕಾ ಬರಕೋತೀರೇನು?"

ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು. ಹಿಂದೆ ಬಂದು ನಿಂತ ಕಾಕಾನ ಮುಖ ನೋಡಿದಳು. ಆಮೇಲೆ ತಟ್ಟೆಯ ನೀರನ್ನು ಬೀದಿಗೆ ಚೆಲ್ಲಿದಳು.

"ಚಲೋ ಆತು," ಅಂದಳು. "ಬಿತ್ತಿದ್ದಕ್ಕ ಕೂಲಿ ಸಿಕ್ತು."

ಉಳಿದ ಹಿಟ್ಟು ಕೊಡು ಎಂದರೆ ಮೊದಲು ಒಪ್ಪಲಿಲ್ಲ. ಅದು ಆಕೆಯ ನಾಳೆಯ ಊಟವಾಗಿತ್ತು. ಕಾಕಿ ತಮ್ಮ ಗಡಿಗೆಯಿಂದ ಬೂದಿ ಹತ್ತಿದ ಜೋಳ ತಂದು ಆಕೆಯ ಉಡಿಗೆ ಸುರಿದ ಮೇಲೆ ಹಿಟ್ಟಿನ ಡಬರಿ ಹೊರಗೆ ಬಂತು. ಕಾಕಾನ ಬಂಡಿ ಹೂಡಿ ಹುನಗುಂದದ ದವಾಖಾನೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ನಾನು ಹೊಟ್ಟೆ ನೋಯುತ್ತಿದೆಯೇ, ಬಾಯಿ ಉರಿಯುತ್ತಿದೆಯೇ ಎಂದು ಕೇಳುತ್ತಿದ್ದೆ. ಬಂಡಿ ಕುಲುಕಾಡುವುದಕ್ಕೆ ಬೆನ್ನು ನೋಯುತ್ತಿದೆ ಎಂದಳು ಆಕೆ. ಡಾಕ್ಟರು ವಾಂತಿ ಮಾಡಿಸಿದರು, ಹಾಲು ಕುಡಿಸಿದರು. ನನ್ನನ್ನು ಪಕ್ಕಕ್ಕೆ ಕರೆದು, ಇಂಥ ವಿಷ ಇವತ್ತೇ ಗೊತ್ತಾಗಬೇಕೆಂದಿಲ್ಲ, ಹದಿನೈದು ದಿನ, ತಿಂಗಳು ಕಳೆದ ಮೇಲೂ ತುಟಿ ಜೋಮು ಹಿಡಿಯಬಹುದು, ಕೈ ನಡುಗಬಹುದು, ನಡಿಗೆ ತಪ್ಪಬಹುದು ಎಂದರು.

ಆ ತಿಂಗಳು ನಾನು ಬದುಕಿದ ರೀತಿಯನ್ನು ಬದುಕು ಎನ್ನುವುದಕ್ಕೆ ಆಗುವುದಿಲ್ಲ. ಮೇಲಧಿಕಾರಿಗಳಿಗೆ ನಡೆದದ್ದನ್ನು ಬರೆದು ಕಳಿಸಿದೆ. ಇನ್ನು ಮುಂದೆ ತಿಳಿವಳಿಕೆ ಸರಿಯಾಗಿ ಕೊಡಬೇಕು ಎಂದು ಉತ್ತರ ಬಂತು. ಎರಡು ದಿನಕ್ಕೊಮ್ಮೆ ಆ ಹಳ್ಳಿಗೆ ಹೋಗುತ್ತಿದ್ದೆ. ಅಕ್ಕ ನೀರು ತರುವಾಗ ಕೊಡ ತುಳುಕುತ್ತದೆಯೇ ಎಂದು ನೋಡುತ್ತಿದ್ದೆ. ಕೌದಿ ಹೊಲಿಯುವಾಗ ಸೂಜಿಯ ಕಣ್ಣಿಗೆ ದಾರ ಪೋಣಿಸುವುದನ್ನು ಉಸಿರು ಹಿಡಿದು ನೋಡುತ್ತಿದ್ದೆ. ಒಂದು ದಿನ ದಾರ ಎರಡು ಸಲ ತಪ್ಪಿತು. ನಾನು ಮುಂದಕ್ಕೆ ಬಾಗಿದೆ. ಆಕೆ ಸೂಜಿಯನ್ನು ನನ್ನ ಕಡೆ ಚಾಚಿದಳು.

"ನೀವ ಪೋಣಸ್ರಿ ನೋಡೂಣು."

ನನ್ನ ಕೈ ನಡುಗಿ ದಾರ ಸೂಜಿಯ ಹತ್ತಿರವೂ ಹೋಗಲಿಲ್ಲ. ಆಕೆ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಬರ್ರೇ ಯವ್ವಾ, ರೊಟ್ಟಿ ತಿಂದಾಕಿ ನಾ, ವಿಷ ಏರಿದ್ದ ಸಾಹೇಬಗ!"

ತಿಂಗಳು ದಾಟಿತು. ಎರಡು ತಿಂಗಳು ದಾಟಿತು. ಆಕೆಗೆ ಏನೂ ಆಗಲಿಲ್ಲ. ತಿಂದ ಕಾಳಿಗೆ ಪುಡಿ ಕಡಿಮೆ ಹತ್ತಿತ್ತೋ, ಎರಡು ನೀರಿನಲ್ಲಿ ಅಷ್ಟಿಷ್ಟು ಹೋಗಿತ್ತೋ, ವಾಂತಿಯಲ್ಲಿ ಬಂದುಬಿಟ್ಟಿತೋ, ನನಗೆ ಇಂದಿಗೂ ಗೊತ್ತಿಲ್ಲ.

ಹೊಲ ಮಾತ್ರ ಬೇರೆಯೇ ಹೇಳುತ್ತಿತ್ತು. ಆ ವರ್ಷ ಕಾಕಾನ ಜೋಳದಲ್ಲಿ ಕಾಡಿಗೆ ಹಿಡಿದ ತೆನೆ ಹುಡುಕಿದರೂ ಸಿಗಲಿಲ್ಲ. ಸುತ್ತಲಿನ ಊರುಗಳಿಂದ ರೈತರು ಬಂದು ಬದುವಿನ ಮೇಲೆ ನಿಂತು ನೋಡಿದರು. ಬೇವೂರಿನಿಂದ ಬಂದ ಇಬ್ಬರು ಮುಂದಿನ ವರ್ಷ ತಮಗೂ ಆ ಪುಡಿ ಬೇಕೆಂದರು. ನಾನು ಅವರಿಗೆ ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ. ನಿಮ್ಮ ಮನೆಯಲ್ಲಿ ಉಡಿಯ ಜೋಳ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಮುಖ ಮುಖ ನೋಡಿಕೊಂಡರು. ಅದು ಹೆಂಗಸರಿಗೆ ಗೊತ್ತು ಎಂದರು. ಹಾಗಾದರೆ ಮೊದಲು ಅವರ ಹತ್ತಿರ ಮಾತಾಡಬೇಕು, ಆಮೇಲೆ ಪುಡಿ ಎಂದೆ. ಕಾಕಿ ಮಾತ್ರ ಆಗಲೇ ತಮ್ಮ ಗಡಿಗೆಗೆ ಬೂದಿ ಸೋಸುತ್ತಿದ್ದರು. ಡಬ್ಬಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ನಾನೂ ತೆಗೆಯಲಿಲ್ಲ.

ಚಳಿ ಬಿದ್ದು ತೆನೆ ಹಾಲುಗಾಳು ದಾಟಿದಾಗ ಅದೇ ಹೊಲದಲ್ಲಿ ಸೀತನಿ ಸುಟ್ಟರು. ಎಳೆ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಕಂಬಳಿಯ ಮೇಲೆ ಬಡಿದು, ಉದುರಿದ ಹಸಿರು ಕಾಳಿಗೆ ಬೆಲ್ಲ, ಶೇಂಗಾ ಚಟ್ನಿಪುಡಿ ಕೂಡಿಸಿ ತಿನ್ನುತ್ತಾರೆ. ನನ್ನನ್ನೂ ಕರೆದಿದ್ದರು. ಅಕ್ಕ ಒಂದು ಬೊಗಸೆ ಬಿಸಿ ಕಾಳು ನನ್ನ ಮುಂದೆ ಹಿಡಿದಳು.

ನಾಲ್ಕು ತಿಂಗಳ ಹಿಂದೆ ಬೀಜದ ಮೈಗೆ ಹತ್ತಿದ ಪುಡಿ ಈ ತೆನೆಯವರೆಗೆ ಬರುವುದಿಲ್ಲ ಎಂದು ನಾನು ಓದಿದ್ದೆ. ಕೇಳಿದವರಿಗೆ ಹೇಳಿಯೂ ಇದ್ದೆ. ಆದರೂ ನನ್ನ ಕೈ ಮುಂದೆ ಹೋಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಕಾಕಿ ಬಡಿಯುವುದನ್ನು ನಿಲ್ಲಿಸಿದರು.

ಅಕ್ಕ ನಾಲ್ಕು ಕಾಳು ಎತ್ತಿ ತನ್ನ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು.

"ನೋಡ್ರಿ ಸಾಹೇಬ್ರ," ಅಂದಳು, "ಏನರ ಆತೇನು?"

ಎಲ್ಲರೂ ನಕ್ಕರು. ನಾನು ಬೊಗಸೆಯೊಡ್ಡಿ ಕಾಳು ತೆಗೆದುಕೊಂಡೆ. ತಿಂದೆ. ಸಿಹಿಯಾಗಿತ್ತು. ತಿನ್ನುತ್ತಲೇ ಅವಳ ಕೈಯನ್ನು ನೋಡಿದೆ, ನಡುಗುತ್ತಿದೆಯೇ ಎಂದು.