ಮುಳುಗದ ಸೂರ್ಯನ ಊರಿನಲ್ಲಿ ಅವ್ವನ ಸಂಜೆಯೂಟ

ಸಂಜೆಯ ಆಜಾನ್ ಕೇಳಿಸಿದ ಕೂಡಲೇ ನಮ್ಮ ಅವ್ವ ಊಟ ನಿಲ್ಲಿಸುತ್ತಾಳೆ. ನಾವು ಬೆಳಗಾವಿ ಕಡೆಯ ಜೈನರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳೂ ಹಾಕಬಾರದೆಂಬ ನೇಮವನ್ನು ಅವ್ವ ಮದುವೆಯಾದಾಗಿನಿಂದ ಪಾಲಿಸಿಕೊಂಡು ಬಂದವಳು. ಊರಿನಲ್ಲಿದ್ದಾಗ ಹಿತ್ತಲ ಬಾಗಿಲಲ್ಲಿ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ ಸಾಕಾಗುತ್ತಿತ್ತು. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನಾವಿರುವುದು ದೊಡ್ಡದೊಂದು ವಿಲ್ಲಾವನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟ ಮನೆಯ ಕೆಳಗಿನ ಪಾಲಿನಲ್ಲಿ. ನಮ್ಮ ಪಾಲಿಗೆ ಪಡುವಣವೇ ಬಂದಿಲ್ಲ, ಆ ಕಡೆ ಪಕ್ಕದ ವಿಲ್ಲಾದ ಗೋಡೆ ಇದೆ. ಹಾಗಾಗಿ ಇಲ್ಲಿಗೆ ಬಂದ ಮೊದಲ ವಾರವೇ ಅವ್ವ ಓಣಿಯ ಮಸೀದಿಯನ್ನು ತನ್ನ ಗಡಿಯಾರ ಮಾಡಿಕೊಂಡಳು.

ಮೊದಲ ರಂಜಾನಿನಲ್ಲಿ ಇದರಿಂದ ಸಣ್ಣದೊಂದು ಫಜೀತಿಯೂ ಆಯಿತು. ಮೇಲಿನ ಪಾಲಿನಲ್ಲಿರುವ ಸುಡಾನಿನ ಹೆಂಗಸು ಅವ್ವನ ವಯಸ್ಸಿನವಳು. ಸರಿಯಾಗಿ ಆಜಾನ್ ಹೊತ್ತಿಗೆ ಖರ್ಜೂರ, ಹಣ್ಣು ಇಟ್ಟ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅವಳು ಉಪವಾಸ ಬಿಡುವ ಗಳಿಗೆಯೇ ಅವ್ವ ಬಾಯಿ ಮುಚ್ಚುವ ಗಳಿಗೆ. ಅವ್ವ ಕೈ ಮುಗಿದು ತಲೆ ಅಲ್ಲಾಡಿಸಿದಳು, ಆಕೆಯ ಮುಖ ಸಣ್ಣದಾಯಿತು. ಇಬ್ಬರಿಗೂ ಒಂದು ಭಾಷೆಯಿಲ್ಲ. ಕೊನೆಗೆ ಆಕೆಯ ಮಗಳು ನಡುವೆ ನಿಂತು ಬಿಡಿಸಿ ಹೇಳಬೇಕಾಯಿತು. ಮರುದಿನದಿಂದ ಆಕೆ ತಟ್ಟೆ ತರುತ್ತಿದ್ದುದು ಮಧ್ಯಾಹ್ನ ನಾಲ್ಕಕ್ಕೆ. ತಾನು ನೀರೂ ಕುಡಿಯದೆ ಇದ್ದವಳು ನಮ್ಮವ್ವನಿಗೆ ತಿನ್ನಲು ಹೊತ್ತು ತರುತ್ತಿದ್ದಳು. "ನಾ ಮುಗಸೂ ಹೊತ್ತಿಗೆ ಅಕಿ ಸುರು ಮಾಡ್ತಾಳ, ಆದ್ರ ಇಬ್ರಿಗೂ ಗಂಟಿ ಒಂದ," ಎಂದು ಅವ್ವ ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಾಳೆ.

ಅವ್ವನ ಈ ಗಂಟೆಯ ಮೇಲೆ ನನಗೆ ಒಂದೇ ತಕರಾರು. ಆಜಾನ್ ಕೇಳಿಸಲಿ ಎಂದು ಅವಳು ಕಿಟಕಿ ತೆರೆದಿಡುತ್ತಾಳೆ. ಜುಲೈ ತಿಂಗಳಲ್ಲಿ ಇಲ್ಲಿ ಕಿಟಕಿ ತೆರೆಯುವುದೆಂದರೆ ಉರಿಯುವ ಒಲೆಯ ಬಾಯಿಗೆ ಮುಖ ಕೊಟ್ಟಂತೆ. "ಅವ್ವಾ, ಏಸಿ ಎಲ್ಲಾ ಹೊರಗ ಹೊಂಟೇತಿ, ಅಬುಧಾಬಿಗೆಲ್ಲಾ ತಂಪ ಮಾಡಾಕ ಕುಂತೀಯೇನು?" ಎಂದು ನಾನು ಬೈಯುವುದು, ಅವಳು ಕೇಳಿಸದವಳಂತೆ ಇರುವುದು ನಾನು ಮನೆಯಲ್ಲಿರುವ ರಜೆಯ ಸಂಜೆಗಳಲ್ಲೆಲ್ಲ ನಡೆಯುತ್ತಿತ್ತು.

ನನ್ನ ಕೆಲಸ ದುಬೈನ ಜೆಬೆಲ್ ಅಲಿ ಕಡೆ, ಒಂದು ಕಾರ್ಖಾನೆಯಲ್ಲಿ. ಹೆಂಡತಿ ಖಲೀಫಾ ಸಿಟಿಯ ಶಾಲೆಯಲ್ಲಿ ಟೀಚರ್, ಮಗಳು ಓದುವುದೂ ಅಲ್ಲಿಯೇ. ಆದ್ದರಿಂದ ಮನೆ ಇಲ್ಲಿ, ದುಡಿಮೆ ಅಲ್ಲಿ. ನಾನು ಮನೆ ಮುಟ್ಟುವ ಹೊತ್ತಿಗೆ ಚಳಿಗಾಲವಿರಲಿ ಬೇಸಿಗೆಯಿರಲಿ, ಅವ್ವನ ತಾಟು ತೊಳೆದು ಬೋರಲು ಹಾಕಿರುತ್ತದೆ. ರಜೆಯ ದಿನ ಮಧ್ಯಾಹ್ನ ಕೂಡಿ ಉಣ್ಣುತ್ತೇವೆ, ನಿಜ. ಆದರೆ ಮೂರು ಗಂಟೆಗೆ ಹೊಟ್ಟೆ ತುಂಬ ಉಂಡವನಿಗೆ ಆರಕ್ಕೆ ಹಸಿವೆಲ್ಲಿಂದ ಬರಬೇಕು? ಮಧ್ಯಾಹ್ನದ ಊಟ ಬೇರೆ, ರಾತ್ರಿಯದು ಬೇರೆ. ದಿನವೆಲ್ಲ ಏನಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ರಾತ್ರಿಯ ಊಟದಲ್ಲಿಯೇ. ಅಂಥದೊಂದು ಊಟವನ್ನು ಅವ್ವನ ಜೊತೆ ಉಂಡು ಎಷ್ಟೋ ವರ್ಷಗಳಾಗಿದ್ದವು. ಇದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಕ್ರೂಸಿನ ಆಸೆ ಹೆಂಡತಿಯದು. ಗಲ್ಫಿನವರಿಗೆ ರಜೆ ಎಂದರೆ ಊರು. ಬೇರೆ ಕಡೆ ಹೋದರೆ ತಪ್ಪು ಮಾಡಿದಂತೆ, ಊರಿನವರೂ ಬಿಡುವುದಿಲ್ಲ. ಆದರೂ ಆ ವರ್ಷ ನಾರ್ವೆಯ ಕರಾವಳಿಗುಂಟ ಬಡಗಣಕ್ಕೆ ಹೋಗುವ ಹಡಗಿನಲ್ಲಿ, ಯಾರಿಗೂ ಬೇಡವಾದ ಕಿಟಕಿಯಿಲ್ಲದ ಕೋಣೆಗಳು ಅಗ್ಗಕ್ಕೆ ಸಿಕ್ಕವು. ಹಡಗು ನಮ್ಮನ್ನು ಬಡಗಣ ತುದಿಯ ಒಂದು ಊರಿನಲ್ಲಿ ಇಳಿಸಿ ಬಿಡುತ್ತದೆ. ಅಲ್ಲಿಂದ ಮರಳುವ ಅಗ್ಗದ ವಿಮಾನ ಇದ್ದದ್ದು ನಾಲ್ಕು ದಿನದ ಮೇಲೆ. ಆ ನಾಲ್ಕು ದಿನ ಏನು ನೋಡುವುದು, ಹೇಗೆ ನೋಡುವುದು ಎಂಬುದನ್ನು ನನ್ನ ಹೆಗಲಿಗೆ ಹಾಕಿದರು.

ಅಲ್ಲಿನ ಟೂರಿನವರು ಒಂದೊಂದಕ್ಕೂ ಬೇರೆ ಬೇರೆ ದರ ಹಾಕಿದ್ದರು. ಹದ್ದು ತೋರಿಸುವುದಕ್ಕೊಂದು, ಹಿಮಸಾರಂಗ ತೋರಿಸುವುದಕ್ಕೊಂದು, ಪಫಿನ್ ಎಂಬ ಕಡಲ ಹಕ್ಕಿ ತೋರಿಸುವುದಕ್ಕೊಂದು. ಹಕ್ಕಿಗೇನು ಅದರಲ್ಲಿ ಪಾಲು ಹೋಗುತ್ತದೆಯೇ ಎಂದು ಸಿಟ್ಟು ಬಂತು. ಆದರೆ ಇಂಥ ವಿಷಯದಲ್ಲಿ ನನಗೆ ಒಂದು ವಿದ್ಯೆ ಗೊತ್ತು, ಅದನ್ನು ಕಲಿತದ್ದು ಬರ್ ದುಬೈನಲ್ಲಿ. ದೀಪ ಹಾಕಿಕೊಂಡು ಊಟ ಬಡಿಸುವ ದೊಡ್ಡ ಧೋ ದೋಣಿಗಳು ಊರ ನಡುವೆ ಹಾಯುವ ಯಾವ ಕಡಲ ಕಾಲುವೆಯಲ್ಲಿ, ಅಂದರೆ ಕ್ರೀಕಿನಲ್ಲಿ, ಸುತ್ತುತ್ತವೆಯೋ ಅದೇ ಕ್ರೀಕನ್ನು ಅಂಗಡಿಯವರು, ಹಮಾಲರು ದಿನಾ ಅಬ್ರಾ ಎಂಬ ಸಣ್ಣ ದೋಣಿಯಲ್ಲಿ ಚಿಲ್ಲರೆ ಕೊಟ್ಟು ದಾಟುತ್ತಾರೆ. ನೀರೂ ಒಂದೇ, ಗಾಳಿಯೂ ಒಂದೇ. ಯಾವ ಊರಿಗೆ ಹೋದರೂ ಆ ಊರಿನ ಅಬ್ರಾ ಯಾವುದು ಎಂದು ಹುಡುಕಬೇಕು. ಹುಡುಕಿದೆ, ಸಿಕ್ಕಿತು. ಊರ ಜನ ದ್ವೀಪದಿಂದ ದ್ವೀಪಕ್ಕೆ ಓಡಾಡುವ ಒಂದು ಫೆರಿ ಹಕ್ಕಿಗಳ ಬಂಡೆಯ ಪಕ್ಕದಲ್ಲಿಯೇ ಹಾದು ಹೋಗುತ್ತಿತ್ತು. ಟೂರ್ ಬಸ್ಸಿನ ಬದಲು ಊರ ಬಸ್ಸು. ಹೋಟೆಲಿನ ಬದಲು ಅಡುಗೆಮನೆ ಇರುವ ಹಾಸ್ಟೆಲ್. ರೊಟ್ಟಿಗೆ ಜೋಳದ ಹಿಟ್ಟು, ನಂಜಿಕೊಳ್ಳಲು ಶೇಂಗಾ ಹಿಂಡಿ ನಮ್ಮ ಜೊತೆಗೇ ಬರುತ್ತವೆ. "ಹಾಸಿಗಿ ಇದ್ದಷ್ಟ ಕಾಲ ಚಾಚೂದು ನಿಮ್ಮಿಂದ ಕಲೀಬೇಕ್ರೀ," ಎಂದಳು ಹೆಂಡತಿ. ಅದು ಹೊಗಳಿಕೆಯೋ ಚುಚ್ಚುಮಾತೋ ನಾನು ವಿಚಾರಿಸಲು ಹೋಗಲಿಲ್ಲ.

ಹಕ್ಕಿಗಳು ಬಂಡೆಗೆ ಮರಳುವುದು ರಾತ್ರಿ ಹತ್ತರ ಸುಮಾರಿಗೆ, ಅದಕ್ಕೆ ಕೊನೆಯ ಫೆರಿ ಒಳ್ಳೆಯದು ಎಂದು ಎಲ್ಲೋ ಓದಿದ್ದೆ. ರಾತ್ರಿ ಹತ್ತಕ್ಕೆ ಹಕ್ಕಿ ಹೇಗೆ ಕಾಣುತ್ತದೆ ಎಂದರೆ, ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅದನ್ನು ಓದಿದ ಕೂಡಲೇ ನನ್ನ ತಲೆಯಲ್ಲಿ ಇನ್ನೊಂದು ದೀಪ ಹತ್ತಿತು. ಹೊತ್ತೇ ಮುಳುಗದಿದ್ದರೆ ಅವ್ವನಿಗೆ ನೇಮದ ಅಡ್ಡಿ ಎಲ್ಲಿದೆ? ಹಡಗಿನ ಊಟದ ಮನೆಯಲ್ಲಿ ಮೀನು ಮಾಂಸದ ವಾಸನೆಗೆ ಅವಳು ಕಾಲಿಡುವುದಿಲ್ಲ, ಆ ಮಾತು ಬಿಡಿ. ಆದರೆ ಹಡಗು ಇಳಿದ ಮೇಲಿನ ನಾಲ್ಕು ದಿನ? ಫೆರಿಯ ಅಟ್ಟದ ಮೇಲೆ, ರಾತ್ರಿ ಹತ್ತರ ಬಿಸಿಲಿನಲ್ಲಿ, ರೊಟ್ಟಿಯ ಗಂಟು ಬಿಚ್ಚಿ ಅವ್ವನ ಜೊತೆ ಕೂತು ಉಣ್ಣುವುದನ್ನು ನಾನು ಆಗಲೇ ಕಣ್ಣಲ್ಲಿ ಕಾಣತೊಡಗಿದ್ದೆ. ಹಕ್ಕಿ ಆಮೇಲಿನ ಮಾತು.

ಹೇಳಿದಾಗ ಅವ್ವ ಕೊತ್ತಂಬರಿ ಸೋಸುತ್ತಿದ್ದಳು. ತಲೆಯೆತ್ತದೆ, "ಮತ್ತ ನಾ ಊಟ ಬಿಡೂದು ಯಾವಾಗ?" ಎಂದಳು.

"ಬಿಡೂದ ಬ್ಯಾಡವ್ವಾ! ಇಡೀ ರಾತ್ರಿ ಉಣ್ಣಬಹುದು. ಸೂರ್ಯಾನ ಮುಳುಗಂಗಿಲ್ಲ."

"ಅಂಥಾ ಊರಿಗೆ ನಾ ಬರಂಗಿಲ್ಲಪಾ. ನೀವ ಹೋಗಿ ಬರ್ರಿ."

ನನಗೆ ರೇಗಿಹೋಯಿತು. ಶಾಸ್ತ್ರದಲ್ಲಿ ಸೂರ್ಯ ಎಂದಿದೆಯೇ ಹೊರತು ಗಡಿಯಾರ ಎಂದಿಲ್ಲ ಎಂದು ವಕೀಲನಂತೆ ವಾದಿಸಿದೆ. ಮಗಳೂ ಇಂಗ್ಲಿಷಿನಲ್ಲಿ ನನ್ನ ಪರವಾಗಿ ಎರಡು ಮಾತು ಸೇರಿಸಿದಳು. ಅವ್ವ ಕೊತ್ತಂಬರಿ ಬದಿಗಿಟ್ಟು ನನ್ನನ್ನು ನೋಡಿದಳು. "ಸೂರ್ಯ ಮುಳುಗಲಿಲ್ಲಂತ ನಾ ಉಣಕೋತ ಕುಂತ್ರ, ಇಷ್ಟು ವರ್ಷದ ನೇಮ ಸೂರ್ಯಂದ ಆತು, ನಂದೇನಾತು?"

ನಾನು ಎದ್ದು ಹೋದೆ. ನಿರಾಸೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸೋತೆನಲ್ಲ ಎಂಬ ಸಿಟ್ಟು ಇತ್ತು. ಅವ್ವ ಬರದಿದ್ದರೆ ಹಕ್ಕಿ ಕಟ್ಟಿಕೊಂಡು ನಾನೇನು ಮಾಡಲಿ?

ದಾರಿ ತೋರಿಸಿದ್ದು ಮೇಲಿನ ಮನೆಯ ಸುಡಾನಿನವಳು. ಹೊತ್ತು ಮುಳುಗದ ಊರಿನಲ್ಲಿ ನಿಮ್ಮವರು ರೋಜಾ ಹೇಗೆ ಬಿಡುತ್ತೀರಿ ಎಂದು ಅವ್ವ ಆಕೆಯ ಮಗಳ ಮೂಲಕ ಕೇಳಿಸಿದಳಂತೆ. ಅಂಥ ಕಡೆ ಬೇರೆ ಊರಿನ ಹೊತ್ತನ್ನು ಹಿಡಿದು ನಡೆಯುವವರಿದ್ದಾರೆ, ಮಕ್ಕಾದ ಹೊತ್ತು ಹಿಡಿಯುವವರೂ ಇದ್ದಾರೆ ಎಂದು ಆಕೆ ಹೇಳಿದಳು. ಅವ್ವನಿಗೆ ಅಷ್ಟು ಸಾಕಾಯಿತು. ಆ ಹುಡುಗಿಯ ಕೈಯಲ್ಲಿಯೇ ತನ್ನ ಫೋನಿಗೆ ಅಬುಧಾಬಿಯ ಆಜಾನ್ ಹಾಕಿಸಿಕೊಂಡು ಕೆಳಗೆ ಬಂದು, "ನಡೀರಿ, ಯಲ್ಲಾ," ಎಂದಳು. ಪ್ರವಾಸ ಉಳಿಯಿತು. ಆದರೆ ನನ್ನ ಲೆಕ್ಕ ಇನ್ನಷ್ಟು ಕೆಟ್ಟಿತು. ಅಬುಧಾಬಿಯಲ್ಲಿ ಸಂಜೆ ಏಳು ದಾಟಿದಾಗ ಅಲ್ಲಿ ಇನ್ನೂ ಐದರ ಸುಮಾರು. ನಟ್ಟ ಹಗಲಿನಲ್ಲಿ ಅವ್ವನ ದಿನ ಮುಗಿಯುತ್ತದೆ.

ಹಡಗಿನ ದಿನಗಳು ಹಾಗೆಯೇ ಕಳೆದವು. ಅವ್ವ ಕಿಟಕಿಯಿಲ್ಲದ ಕೋಣೆಯಲ್ಲಿ ರೊಟ್ಟಿ, ಹಣ್ಣು ತಿಂದು ಫೋನ್ ಕೂಗಿದ ಕೂಡಲೇ "ಖಲಾಸ್" ಎನ್ನುವಳು. ಆಮೇಲೆ ನಾವು ಮೂವರು ಊಟದ ಮನೆಗೆ ಹೋಗುವೆವು.

ಹಡಗು ಇಳಿದ ದಿನ ಮಳೆ. ಸಾರಂಗ ನೋಡಲು ಹೋಗಬೇಕಿದ್ದ ಊರ ಬಸ್ಸು ನಮ್ಮ ಕಣ್ಣೆದುರೇ ಹೊರಟುಹೋಯಿತು, ಮುಂದಿನದು ನಾಳೆ. ಹೆಂಡತಿ ಮಗಳು ಅಂಗಡಿ ನೋಡಲು ಹೋದರು. ನಾನು ಹಾಸ್ಟೆಲಿನ ಅಡುಗೆಮನೆಯಲ್ಲಿ ಮಾಡಲು ಕೆಲಸವಿಲ್ಲದೆ ಕೂತಿದ್ದೆ. ನಾಲ್ಕೂವರೆಗೆ ಅವ್ವ ರೊಟ್ಟಿ ಬಡಿದು ತಾಟು ಹಾಕಿಕೊಂಡಳು. ನನ್ನನ್ನೊಮ್ಮೆ ನೋಡಿ ಇನ್ನೊಂದು ತಾಟು ಇಟ್ಟಳು. ನನಗೆ ಹಸಿವಿರಲಿಲ್ಲ, ಆದರೂ ಕೂತೆ.

ಮಾತೆಲ್ಲ ಸಣ್ಣ ಸಣ್ಣವು. ಅಲ್ಲಿನ ಒಲೆಗೆ ಉರಿ ಇಲ್ಲ, ರೊಟ್ಟಿ ಉಬ್ಬುವುದಿಲ್ಲ. ಸುಡಾನಿನವಳ ಮಗಳಿಗೆ ಗಂಡು ಗೊತ್ತಾಗಿದೆ. ನಾನು ಅವ್ವನ ಎಡಕ್ಕೆ ಕೂತಿದ್ದೆ. ಕೇಳಿದ್ದಕ್ಕೆಲ್ಲ ಅವಳು "ಆಂ?" ಎಂದು ಪೂರ್ತಿ ನನ್ನ ಕಡೆ ತಿರುಗುತ್ತಿದ್ದಳು. ಮೂರು ನಾಲ್ಕು ಸಲ ಹಾಗಾದ ಮೇಲೆ ಯಾಕೆಂದು ಕೇಳಿದೆ. "ಎಡಗಿವಿ ಮಂದ ಆಗೇತಪಾ. ಹೋದ ವರ್ಷದಿಂದ. ಅದಕ್ಕ ಆಜಾನ್ ಹೊತ್ತಿಗೆ ಕಿಟಕಿ ತಗೀತೀನಿ," ಎಂದು ಹಿಂಡಿಗೆ ಎಣ್ಣೆ ಹಾಕಿದಳು. ಹೆಂಡತಿಗೆ ಈ ವಿಷಯ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ತಾಟು ಎತ್ತಿಕೊಂಡು ಅವಳ ಬಲಕ್ಕೆ ಹೋಗಿ ಕೂತೆ.

ಮರುದಿನ ಸಾರಂಗ ಸಿಕ್ಕಿತು, ಊರ ಹೊರಗಿನ ಬಸ್ ನಿಲ್ದಾಣದ ಹಿಂದೆಯೇ ಮೇಯುತ್ತಿತ್ತು. ಅದಕ್ಕೂ ಮುಂದಿನ ದಿನ ಕಡಲ ಹದ್ದು. ಎಲ್ಲಿದ್ದರೂ ನಾಲ್ಕೂವರೆಗೆ ನಾನೇ ತಾಟು ಕೇಳತೊಡಗಿದೆ. ಒಮ್ಮೆ ಸಮುದ್ರದ ದಂಡೆಯ ಬೆಂಚಿನ ಮೇಲೆ ಉಂಡೆವು. ಹೆಂಡತಿ ಮಗಳೂ ಸೇರಿಕೊಂಡರು.

ಕೊನೆಯ ದಿನ ರಾತ್ರಿಯ ಫೆರಿ ಹತ್ತಿದೆವು. ಚಿನ್ನದ ಬಣ್ಣದ ಬಿಸಿಲು, ಕೊರೆಯುವ ಗಾಳಿ. ಬಂಡೆ ಹತ್ತಿರವಾದಂತೆ ಹಕ್ಕಿಗಳು ಬಂದವು, ಒಂದರ ಹಿಂದೆ ಒಂದು, ನೂರಾರು. ಕರಿಯ ಬೆನ್ನು, ಬಿಳಿಯ ಹೊಟ್ಟೆ, ಬಣ್ಣ ಬಳಿದಂಥ ಕೊಕ್ಕು, ಕೊಕ್ಕಿನಲ್ಲಿ ಸಾಲಾಗಿ ನೇತಾಡುವ ಸಣ್ಣ ಮೀನು. "ಪಾಪ, ಮೀನು," ಎಂದಳು ಅವ್ವ ಮೊದಲು. ಆಮೇಲೆ ಗಾಳಿಗೆ ಸೆರಗು ಹೊದ್ದು ಅವುಗಳ ಹಾರಾಟ ನೋಡಿದಳು. ಸೂರ್ಯ ನೀರಿನ ಮೇಲೆಯೇ ನಿಂತಿದ್ದ, ಇಳಿಯುವ ಲಕ್ಷಣವಿರಲಿಲ್ಲ.

"ಹೊತ್ತ ಮುಳುಗಿಲ್ಲ. ಮನಿಗೆ ಹೋಗ್ರಿ ಅಂತ ಇವಕ್ಕ ಯಾರ ಆಜಾನ್ ಕೊಡ್ತಾರ?" ಎಂದು ಕೇಳಿದಳು.

"ಮರಿ ಹಸದಿರ್ತಾವಲ್ರೀ ಅತ್ತಿ," ಎಂದಳು ನನ್ನ ಹೆಂಡತಿ.

ನನ್ನ ಚೀಲದಲ್ಲಿ ರೊಟ್ಟಿಯ ಗಂಟು ಇತ್ತು. ಬಿಚ್ಚಬೇಕೆಂದು ಅನ್ನಿಸಲಿಲ್ಲ.

ಅಬುಧಾಬಿಗೆ ಮರಳಿ ಕೆಲಸಕ್ಕೆ ಹೋದ ಮೊದಲ ದಿನ ಮನೆ ಮುಟ್ಟಿದಾಗ ಎಂದಿನಂತೆ ಕತ್ತಲಾಗಿತ್ತು. ಬಾಗಿಲು ತೆಗೆದ ಹೆಂಡತಿ ದನಿ ತಗ್ಗಿಸಿ, "ಅತ್ತಿ ಉಂಡಿಲ್ಲ," ಎಂದಳು. ನೋಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ತಾಟು ಮುಚ್ಚಿಟ್ಟಿದ್ದವು. ಆಜಾನ್ ಆಗುವವರೆಗೆ ಕಿಟಕಿಯಲ್ಲಿ ನಿಂತು ನನ್ನ ಕಾರಿನ ದಾರಿ ನೋಡಿ, ಆದ ಮೇಲೆ ಅವ್ವ ತಾಟಿನ ಮೇಲೆ ಮುಚ್ಚಳ ಹಾಕಿದ್ದಳು. ಇನ್ನು ನಾಳೆ ಬೆಳಗಿನವರೆಗೆ ಏನೂ ಇಲ್ಲ.

"ನನ್ನ ಸಲುವಾಗಿ ಕಾಯಿ ಅಂತ ಯಾರ ಹೇಳಿದ್ರವ್ವಾ ನಿನಗ?" ನನ್ನ ದನಿ ಏರಿತು.

"ಯಾರೂ ಹೇಳಿಲ್ಲಪಾ," ಎಂದಳು. "ಅಲ್ಲೆ ನಾಕ ದಿನಾ ಕೂಡಿ ಉಂಡ್ವಿ. ರೂಢಿ ಬಿತ್ತು."

ಮರುದಿನ ಬೆಳಿಗ್ಗೆ ಮ್ಯಾನೇಜರನ ಮುಂದೆ ನಿಂತು, ಬೇಗ ಬಂದು ಬೇಗ ಹೋಗುತ್ತೇನೆ ಎಂದೆ. ಕಾರಣ ಕೇಳಿದ. ಊಟ ಎಂದೆ. ಆತ ನಕ್ಕು ಒಪ್ಪಿಕೊಂಡ. ಇಷ್ಟು ವರ್ಷ ಅದನ್ನು ಒಮ್ಮೆಯೂ ಕೇಳದೆ, ಮುಳುಗದ ಸೂರ್ಯನನ್ನು ಹುಡುಕಿಕೊಂಡು ನಾರ್ವೆಗೆ ಹೋಗಿದ್ದೆ.

ಆ ಸಂಜೆ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಖಲೀಫಾ ಸಿಟಿಯ ತಿರುವಿನಲ್ಲಿ ಕಾರಿನ ಗಾಜು ಇಳಿಸಿ ಕಿವಿಗೊಟ್ಟೆ. ಬೆಂಕಿಯಂಥ ಗಾಳಿ ಒಳಗೆ ನುಗ್ಗಿತು. ಆಜಾನ್ ಇನ್ನೂ ಆಗಿರಲಿಲ್ಲ. ಗಾಜು ಏರಿಸದೆಯೇ ಮನೆಯವರೆಗೆ ಓಡಿಸಿದೆ. ಕಿಟಕಿ ತೆರೆದಿತ್ತು. ಅವ್ವ ಬಲಗಿವಿಯನ್ನು ಹೊರಗೆ ಮಾಡಿ ನಿಂತಿದ್ದಳು.

"ಇನ್ನೊಂದೀಟ ಹೊತ್ತೇತಿ," ಎಂದಳು. "ಲಗೂನ ಕೈ ತೊಳಕೋ."